ಬಾಗಿಲು ಯಾರನ್ನು ಕಾಯುತ್ತದೆ?

ನೈಟ್‌ಕ್ಲಬ್ ವಿಷಯ ಬಂದರೆ ನಮ್ಮಲ್ಲಿ ಮಾತು ಎರಡೇ ಕಡೆ ಹೋಗುತ್ತೆ. ಒಬ್ಬರು ಸಂಸ್ಕೃತಿ ಹಾಳಾಯ್ತು ಅಂತಾರೆ, ಇನ್ನೊಬ್ಬರು ನನ್ನ ದುಡ್ಡು, ನನ್ನಿಷ್ಟ ಅಂತಾರೆ. ಜಗಳವೆಲ್ಲ ಒಳಗೆ ಏನು ನಡೆಯುತ್ತೆ ಅನ್ನೋದರ ಬಗ್ಗೆ. ನನಗೆ ಕುತೂಹಲ ಇರೋದು ಬಾಗಿಲ ಬಗ್ಗೆ. ಯಾರನ್ನು ಒಳಗೆ ಬಿಡಬೇಕು, ಯಾರನ್ನು ತಡೆಯಬೇಕು ಅಂತ ಒಬ್ಬರು ತೀರ್ಮಾನಿಸೋದು ಯಾವಾಗ ಸರಿ, ಯಾವಾಗ ತಪ್ಪು?

ಇಪ್ಪತ್ತರ ದಶಕದ ನ್ಯೂಯಾರ್ಕ್ ನೋಡಿ. ಹಾರ್ಲೆಮ್ ಕಪ್ಪು ಜನರ ಬಡಾವಣೆ. ಅಲ್ಲಿನ ಕಾಟನ್ ಕ್ಲಬ್‌ನ ವೇದಿಕೆ ಮೇಲೆ ಕಪ್ಪು ಕಲಾವಿದರು. 1927ರಿಂದ ಡ್ಯೂಕ್ ಎಲಿಂಗ್ಟನ್ ಅವರ ವಾದ್ಯವೃಂದ. ಕುರ್ಚಿಗಳಲ್ಲಿ ಮಾತ್ರ ಬಿಳಿಯರು. ಕಪ್ಪು ಜನ ನುಡಿಸೋಕೆ ಬರಬಹುದು, ಕೇಳೋಕೆ ಬರುವಂತಿಲ್ಲ. ಅದೇ ಲೆನಾಕ್ಸ್ ಅವೆನ್ಯೂದಲ್ಲಿ 1926ರಲ್ಲಿ ಸವಾಯ್ ಬಾಲ್‌ರೂಮ್ ಶುರುವಾಯ್ತು. ಅಲ್ಲಿ ಕಪ್ಪು ಬಿಳಿ ಎಲ್ಲರೂ ಒಂದೇ ನೆಲದ ಮೇಲೆ ಕುಣಿದರು. ಲಿಂಡಿ ಹಾಪ್ ನೃತ್ಯ ಬೆಳೆದದ್ದು ಅಂಥ ಜಾಗದಲ್ಲಿ.

ಹಾಗಾದರೆ ಬಾಗಿಲು ತೆರೆದಿಟ್ಟರೆ ಆಯ್ತಲ್ವಾ? ಅಷ್ಟು ಸುಲಭ ಇಲ್ಲ. 1970ರಲ್ಲಿ ಡೇವಿಡ್ ಮಂಕುಸೊ ಅನ್ನೋರು ನ್ಯೂಯಾರ್ಕಿನ ತಮ್ಮ ಮನೆಯಲ್ಲೇ ಪಾರ್ಟಿ ಶುರುಮಾಡಿದರು. ಅದಕ್ಕೆ 'ದಿ ಲಾಫ್ಟ್' ಅಂತ ಹೆಸರು ಬಂತು. ಮದ್ಯ ಮಾರುತ್ತಿರಲಿಲ್ಲ. ಆಹ್ವಾನ ಇದ್ದವರಿಗಷ್ಟೇ ಪ್ರವೇಶ. ಬರುತ್ತಿದ್ದವರಲ್ಲಿ ಬಹಳಷ್ಟು ಸಲಿಂಗಿಗಳು, ಕಪ್ಪು ಜನ, ಲ್ಯಾಟಿನೋಗಳು. ಹಿಂದಿನ ವರ್ಷವಷ್ಟೇ, 1969ರ ಜೂನ್‌ನಲ್ಲಿ, ಸ್ಟೋನ್‌ವಾಲ್ ಇನ್ ಮೇಲೆ ಪೊಲೀಸರು ದಾಳಿ ಮಾಡಿದ್ದರು, ಜನ ತಿರುಗಿಬಿದ್ದಿದ್ದರು. ಇಬ್ಬರು ಗಂಡಸರು ಜೊತೆಯಾಗಿ ಕುಣಿದರೆ ಪೊಲೀಸರ ಭಯ ಇದ್ದ ಕಾಲ ಅದು. ಅಂಥವರಿಗೆ ಮುಚ್ಚಿದ ಬಾಗಿಲು ಅಹಂಕಾರವಾಗಿರಲಿಲ್ಲ, ಆಸರೆಯಾಗಿತ್ತು. ಇವತ್ತು ಬರ್ಲಿನ್‌ನ ಬರ್ಗ್‌ಹೈನ್‌ನಲ್ಲಿ ಫೋನ್ ಕ್ಯಾಮೆರಾಕ್ಕೆ ಸ್ಟಿಕ್ಕರ್ ಅಂಟಿಸಿ ಒಳಗೆ ಬಿಡೋದರಲ್ಲೂ ಅದೇ ಕಾಳಜಿ ಕಾಣುತ್ತೆ.

ಇಂಥ ಕೋಣೆಗಳಲ್ಲಿ ಬೆಳೆದ ಡಿಸ್ಕೋ ದೊಡ್ಡ ದುಡ್ಡಾದಾಗ ಬಾಗಿಲಿನ ಅರ್ಥವೇ ಬದಲಾಯ್ತು. 1977ರಲ್ಲಿ ಸ್ಟುಡಿಯೊ 54 ತೆರೆಯಿತು. ಮಾಲೀಕರಲ್ಲೊಬ್ಬರಾದ ಸ್ಟೀವ್ ರುಬೆಲ್ ತಾವೇ ಬಾಗಿಲಲ್ಲಿ ನಿಂತು, ಗುಂಪಿನಲ್ಲಿ ನೀನು ಬಾ, ನೀನು ಬೇಡ ಅಂತ ಆರಿಸುತ್ತಿದ್ದರು. ಆ ವರ್ಷದ ಕೊನೆಯ ರಾತ್ರಿ ವಾಪಸ್ ಕಳಿಸಿಕೊಂಡವರಲ್ಲಿ ನೈಲ್ ರಾಜರ್ಸ್, ಬರ್ನಾರ್ಡ್ ಎಡ್ವರ್ಡ್ಸ್ ಇದ್ದರು. ಶಿಕ್ ತಂಡದ ಇಬ್ಬರೂ ಕಪ್ಪು ಸಂಗೀತಗಾರರು, ಡಿಸ್ಕೋದ ಜನವೇ. ಸಿಟ್ಟಲ್ಲಿ ಮನೆಗೆ ಹೋಗಿ ಒಂದು ಬೈಗುಳದ ಹಾಡು ಕಟ್ಟಿದರು. ಬೈಗುಳ ತೆಗೆದ ಮೇಲೆ ಅದೇ 'ಲ ಫ್ರೀಕ್' ಆಯ್ತು, ಅಮೆರಿಕದ ನಂಬರ್ ಒನ್ ಹಾಡಾಯ್ತು. ಹೊರಗಿಟ್ಟವರು ಕಟ್ಟಿಕೊಂಡ ಸಂಭ್ರಮದ ಬಾಗಿಲಲ್ಲೇ ಅವರನ್ನು ಮತ್ತೆ ಹೊರಗಿಟ್ಟದ್ದು!

ನನ್ನ ಲೆಕ್ಕ ಇಷ್ಟೇ: ಹೊರಗೆ ಪೆಟ್ಟು ತಿನ್ನುವವರನ್ನು ಕಾಯುವ ಬಾಗಿಲು ನ್ಯಾಯದ್ದು. ಹೊರಗೂ ಗೆದ್ದವರನ್ನೇ ಇನ್ನಷ್ಟು ಮೇಲೆ ಕೂರಿಸುವ ಬಾಗಿಲು ಅನ್ಯಾಯದ್ದು.

ಹಳ್ಳಿಯಲ್ಲಿ ಬೆಳೆದವನಿಗೆ ಇದು ಹೊಸದಲ್ಲ. ನಮ್ಮೂರ ಜಾತ್ರೆಗೆ ಗೇಟಿಲ್ಲ, ಬೌನ್ಸರ್ ಇಲ್ಲ. ಆದರೂ ತೇರಿನ ಹಗ್ಗ ಯಾರು ಮುಟ್ಟಬೇಕು, ಯಾರು ದೂರ ನಿಂತು ಕೈಮುಗಿಯಬೇಕು ಅನ್ನೋದು ಎಲ್ಲರಿಗೂ ಗೊತ್ತಿತ್ತು. 2024ರಲ್ಲಿ ಬೆಂಗಳೂರಿನ ಮಾಲ್ ಒಂದರಲ್ಲಿ ಪಂಚೆ ಉಟ್ಟ ರೈತರೊಬ್ಬರನ್ನು ತಡೆದಾಗ ನಾವೆಲ್ಲ ಕೆರಳಿದ್ವಿ, ಸರಿಯಾಗೇ ಕೆರಳಿದ್ವಿ. ಆದರೆ ಶನಿವಾರ ರಾತ್ರಿ ಪಬ್ ಬಾಗಿಲಲ್ಲಿ ಚಪ್ಪಲಿ ನೋಡಿ ಒಬ್ಬ ಹುಡುಗನನ್ನು ವಾಪಸ್ ಕಳಿಸಿದರೆ 'ಡ್ರೆಸ್ ಕೋಡ್ ಗುರೂ' ಅಂತ ಮುಂದೆ ಹೋಗ್ತೀವಿ.

ಹುಡುಗಿಯರ ಸುರಕ್ಷತೆಗಾಗಿ ನಿಯಮ ಅಂದರೆ ಒಪ್ಪುತ್ತೇನೆ. ಕೆಟ್ಟದಾಗಿ ನಡೆದುಕೊಂಡವನು ಎಷ್ಟೇ ದುಬಾರಿ ಶೂ ಹಾಕಿರಲಿ, ಹೊರಗೆ ಕಳಿಸಲಿ. ಚಪ್ಪಲಿ ಹಾಕಿದವನಿಂದ ಯಾರಿಗೆ ಅಪಾಯ?

ಒಳಗೆ ಹೋದವರು ಬಾಗಿಲ ಬಗ್ಗೆ ಯೋಚಿಸೋದು ಕಡಿಮೆ. ನಮ್ಮನ್ನು ಬಿಟ್ಟರಲ್ಲ, ಸಾಕು. ಆದರೆ ಇನ್ನೊಬ್ಬರನ್ನು ತಡೆದದ್ದರಿಂದಲೇ ನನಗೆ ಒಳಗಿರೋ ಖುಷಿ ಹೆಚ್ಚಾಗುತ್ತಿದ್ದರೆ, ನಾನು ದುಡ್ಡು ಕೊಟ್ಟದ್ದು ಸಂಗೀತಕ್ಕಲ್ಲ.