ಜೀವ ಇದೆ ಸಾರ್

ಬೆಂಗಳೂರಿನಲ್ಲಿ ನಾನು ಏಡಿ ಕೊಳ್ಳುವ ಅಂಗಡಿಯವನು ಪ್ರತಿಸಲ ಒಂದು ಪರೀಕ್ಷೆ ಮಾಡಿ ತೋರಿಸುತ್ತಾನೆ. ಕಡ್ಡಿಯಿಂದ ಏಡಿಯ ಕಣ್ಣು ಮುಟ್ಟುತ್ತಾನೆ. ಕಣ್ಣು ಸರಕ್ಕನೆ ಒಳಗೆ ಹೋದರೆ, "ಜೀವ ಇದೆ ಸಾರ್." ನನ್ನ ಕೆಲಸದ ಭಾಷೆಯಲ್ಲಿ ಇದು ಪಿಂಗ್. ಸರ್ವರ್ ಉತ್ತರ ಕೊಟ್ಟಿತು, ಅಷ್ಟೇ. ಅದರ ಸ್ಥಿತಿ ಹೇಗಿದೆ ಅಂತ ಪಿಂಗ್ ಹೇಳಲ್ಲ.

ನಾನು ಕುಂದಾಪುರದ ಕಡೆಯವನು. ಚಿಕ್ಕವನಿದ್ದಾಗ ಒಮ್ಮೆ, ಅಪ್ಪಯ್ಯ ಒದ್ದೆ ಗೋಣಿಯಲ್ಲಿ ಸುತ್ತಿಟ್ಟಿದ್ದ ಏಡಿಗಳನ್ನು ಕಂಡು ಪಾಪ ಅನ್ನಿಸಿ, ಎಲ್ಲವನ್ನೂ ಒಂದು ಬಕೆಟ್ ಹೊಳೆನೀರಿಗೆ ಹಾಕಿಬಿಟ್ಟೆ. ಬೆಳಿಗ್ಗೆ ನೋಡಿದರೆ ಸತ್ತಿದ್ದವು. ಕಿವಿರು ಒದ್ದೆಯಾಗಿದ್ದರೆ ಏಡಿ ಗಾಳಿಯಿಂದಲೇ ಆಮ್ಲಜನಕ ಎಳೆದುಕೊಂಡು ದಿನಗಟ್ಟಲೆ ಬದುಕುತ್ತದೆ. ಬಕೆಟ್ಟಿನ ನಿಂತ ನೀರಲ್ಲಿ ಆಮ್ಲಜನಕ ಬೇಗ ಮುಗಿದುಹೋಗುತ್ತದೆ. ನನ್ನ ಕರುಣೆಗೆ ಬುದ್ಧಿ ಇರಲಿಲ್ಲ.

ಸಾಗಿಸುವವರಿಗೆ ಬುದ್ಧಿ ಇದೆ. ಇಕ್ಕಳದಂಥ ಮುಂಗಾಲು ಕಟ್ಟುತ್ತಾರೆ, ಇಲ್ಲದಿದ್ದರೆ ಒಂದನ್ನೊಂದು ಸೀಳಿಹಾಕುತ್ತವೆ. ಬಿಸಿಲು ತಾಗದಂತೆ ಒದ್ದೆ ಗೋಣಿ ಮುಚ್ಚುತ್ತಾರೆ. ತಂಪಾಗಿಡುತ್ತಾರೆ, ಆದರೆ ನೇರ ಐಸ್ ಮೇಲೆ ಇಡಲ್ಲ. ಅತಿ ಚಳಿ, ಕರಗಿದ ಸಿಹಿನೀರು ಎರಡೂ ಅದಕ್ಕೆ ಆಗಿಬರಲ್ಲ. ಸತ್ತ ಏಡಿಗೆ ಬೆಲೆ ಇಲ್ಲ. ಹಾಗಾಗಿ ಇಲ್ಲಿಯವರೆಗೆ ಲಾಭ, ಕರುಣೆ ಎರಡೂ ಒಂದೇ ದಾರಿಯಲ್ಲಿ ನಡೆಯುತ್ತವೆ.

ಪ್ರಶ್ನೆ ಶುರುವಾಗೋದು ದಾರಿ ಕವಲೊಡೆದ ಮೇಲೆ. ಏಡಿ ಗಟ್ಟಿ ಜೀವ. ಕಾಲು ಕಟ್ಟಿಸಿಕೊಂಡು, ಉಪವಾಸ, ಕತ್ತಲಲ್ಲಿ ನಾಲ್ಕೈದು ದಿನ ಬಿದ್ದಿದ್ದರೂ ಪಿಂಗ್‌ಗೆ ಉತ್ತರ ಕೊಡುತ್ತೆ. ತೂಕ ಸ್ವಲ್ಪ ಇಳಿದಿರಬಹುದು. ಲೆಕ್ಕದ ಪುಸ್ತಕದಲ್ಲಿ ಅದೂ ಬದುಕಿ ಬಂದ ಏಡಿಯೇ.

ಅದಕ್ಕೆ ನೋವು ಗೊತ್ತಾಗುತ್ತಾ ಅಂತ ಕೇಳಬಹುದು. ಬ್ರಿಟನ್ 2022ರ ಕಾಯ್ದೆಯಲ್ಲಿ ಏಡಿ, ಸಿಗಡಿಗಳನ್ನೂ ಸಂವೇದನೆಯುಳ್ಳ ಪ್ರಾಣಿಗಳ ಸಾಲಿಗೆ ಸೇರಿಸಿತು. ಸ್ವಿಟ್ಜರ್ಲೆಂಡ್ 2018ರಲ್ಲೇ ಜೀವಂತ ಲಾಬ್‌ಸ್ಟರ್‌ಗಳನ್ನು ಐಸ್ ಮೇಲೆ ಸಾಗಿಸೋದನ್ನು ನಿಷೇಧಿಸಿತು. ನಮ್ಮ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರವೂ ಮನುಷ್ಯನನ್ನು ಬಿಟ್ಟು ಉಳಿದ ಯಾವ ಜೀವಿಯಾದರೂ 'ಪ್ರಾಣಿ'ಯೇ. ಕಾಗದದ ಮೇಲೆ ನಮ್ಮ ಹೊಳೆಯ ಏಡಿಯೂ ಅದರೊಳಗೆ ಬಂತು. ಗೋಣಿಯೊಳಗೆ ಯಾರೂ ಇಣುಕಲ್ಲ, ಅಷ್ಟೇ.

"ಹೇಗೂ ಕೊಂದು ತಿನ್ನೋದು ತಾನೇ?" ಅಂತಾನೆ ಪಕ್ಕದ ಸೀಟಿನ ಗೆಳೆಯ. ಹೌದು, ನಾನು ಏಡಿ ಬಿಟ್ಟಿಲ್ಲ, ಬಿಡ್ತೀನಿ ಅಂತಲೂ ಹೇಳಲ್ಲ. ನನ್ನ ಊಟಕ್ಕೆ ಅದರ ಸಾವು ಬೇಕಿತ್ತು. ಆ ಹೊಣೆ ನನ್ನದು. ಆದರೆ ಆ ನಾಲ್ಕೈದು ದಿನ ನನ್ನ ಊಟಕ್ಕೆ ಬೇಕಿರಲಿಲ್ಲ. ಅದು ಯಾರಿಗೂ ಬೇಕಿರಲಿಲ್ಲ. ಕೇಳುವವರಿಲ್ಲ ಅಂತ ಸುಮ್ಮನೆ ಸೇರಿಕೊಂಡ ನೋವು ಅದು.

ಹಾಗಾಗಿ ಈಗ ನಾನು ಕಣ್ಣಿನ ಪರೀಕ್ಷೆ ನೋಡಲ್ಲ. "ಕಟ್ಟಿ ಎಷ್ಟು ದಿನ ಆಯ್ತು?" ಅಂತ ಕೇಳ್ತೀನಿ. ಮೊದಲ ಸಲ ಅವನು ನಕ್ಕ. "ಜೀವ ಇದೆಯಲ್ಲ ಸಾರ್, ಇನ್ನೇನು ಬೇಕು?" ಎರಡು ಭಾನುವಾರ ಬರಿಗೈಲಿ ವಾಪಸ್ ಬಂದೆ. ಮೂರನೇ ವಾರ ನಾನು ಬಾಯಿ ತೆರೆಯುವ ಮೊದಲೇ ಅವನೇ ಹೇಳಿದ: "ನಿನ್ನೆ ರಾತ್ರಿ ಬಸ್ಸಿಗೆ ಬಂದಿದ್ದು."