ಯಾರಿಗಾಗಿ ಕೂಡಿಡಬೇಕು?



ಇತ್ತೀಚೆಗೆ ನಾವು ಸೊರಡಿಗೆ ಹೋದಾಗ ಕಾಲೇಜು ಓದುವ ಯುವಕನೊಬ್ಬ ಕೇಳಿದ: "ಕಾಕಾ, ಮಂಗಳ ಗ್ರಹದಾಗ ಯಂತ್ರದ ಗಾಡಿ ಕಲ್ಲು ಕೂಡಿಸಿಡಾಕತ್ತೈತಿ. ಅವನ್ನ ತರಾವ್ರು ಯಾರು, ಯಾವಾಗ, ಒಂದೂ ಗೊತ್ತಿಲ್ಲ. ಇದು ವ್ಯರ್ಥ ಅಲ್ಲೇನ್ರಿ?"

ಉತ್ತರಕ್ಕೆ ಮುನ್ನ ಆ ಕೆಲಸದ ರೀತಿಯನ್ನು ತಿಳಿಯೋಣ. ನಾಸಾ ಸಂಸ್ಥೆಯ ಪರ್ಸೆವೆರೆನ್ಸ್ ಗಾಡಿಯು 2021ರ ಫೆಬ್ರುವರಿ 18ರಂದು ಮಂಗಳದ ಜೆಜೆರೊ ಎಂಬ ತಗ್ಗಿನಲ್ಲಿ ಇಳಿಯಿತು. ಪೂರ್ವದಲ್ಲಿ ಅಲ್ಲಿ ಕೆರೆಯಿತ್ತು. ಗಾಡಿಯೊಡನೆ 43 ಲೋಹದ ಕೊಳವೆಗಳು ಹೋದವು. ಕಲ್ಲು ಕೊರೆದು ತುಂಬಿ ಬಾಯಿ ಮುಚ್ಚುವುದು ಅದರ ಕಾಯಕ. ಅವುಗಳಲ್ಲಿ 5 ಸಾಕ್ಷಿ ಕೊಳವೆಗಳು. ಅವುಗಳಲ್ಲಿ ಕಲ್ಲು ತುಂಬುವುದಿಲ್ಲ; ಭೂಮಿಯಿಂದಲೇ ಅಂಟಿಕೊಂಡು ಹೋದ ಕಲ್ಮಶವೆಷ್ಟೆಂದು ಅವು ಮುಂದೆ ಹೇಳಬೇಕು. 2021ರ ಆಗಸ್ಟ್‌ನಲ್ಲಿ ಮೊದಲ ಯತ್ನದಲ್ಲಿ ಕಲ್ಲು ಪುಡಿಯಾಗಿ ಕೊಳವೆ ಬರಿದೇ ಉಳಿಯಿತು. ಅದನ್ನು ಮುಚ್ಚಿಡದೆ, ಗಾಳಿಯ ಮಾದರಿಯೆಂದು ಬರೆದಿಟ್ಟರು. ಲೆಕ್ಕಪತ್ರ ನೋಡುವ ನಮಗೆ ಇದು ಬಹಳ ಹಿಡಿಸಿತು.

ಮುಂದೆ ಒಂದೊಂದು ಕಲ್ಲಿನಿಂದ ಎರಡೆರಡು ಮಾದರಿ ತೆಗೆದರು. ಗಾಡಿ ಕೆಟ್ಟು ನಿಂತರೂ ಎಲ್ಲವೂ ಕೈತಪ್ಪಬಾರದೆಂದು 2022ರ ಡಿಸೆಂಬರ್‌ನಿಂದ 2023ರ ಜನವರಿವರೆಗೆ 10 ಕೊಳವೆಗಳನ್ನು ಸಪಾಟು ನೆಲದ ಮೇಲೆ, ಒಂದಕ್ಕೊಂದು 5ರಿಂದ 15 ಮೀಟರ್ ದೂರದಲ್ಲಿ ಇಳಿಸಿದರು. ಧೂಳು ಮುಚ್ಚಿದರೂ ಸಿಗುವಂತೆ ನಕ್ಷೆ ಮಾಡಿದರು.

ಆದರೆ ಅವನ್ನು ತರುವ ಖರ್ಚು 1100 ಕೋಟಿ ಡಾಲರ್‌ವರೆಗೆ ಏರಬಹುದು, 2040ರವರೆಗೂ ಕಾಯಬೇಕು, ಇದು ಆಗದ ಮಾತೆಂದು 2024ರ ಏಪ್ರಿಲ್‌ನಲ್ಲಿ ನಾಸಾವೇ ಹೇಳಿತು. ಯುವಕನ ಸಂಶಯ ಸುಳ್ಳಲ್ಲ. ನಮ್ಮ ಸರಕಾರವೂ ಚಂದ್ರನ ಮಣ್ಣು ತರುವ ಚಂದ್ರಯಾನ-4ಕ್ಕೆ 2024ರ ಸಪ್ಟೆಂಬರ್‌ನಲ್ಲಿ 2,104 ಕೋಟಿ ರೂಪಾಯಿ ಮಂಜೂರು ಮಾಡಿದೆ. ಹೀಗಾಗಿ ಪ್ರಶ್ನೆ ನಮ್ಮ ಮನೆಗೂ ಬಂದಿದೆ.

ಜತ್ತ ಸೀಮೆಯವರಿಗೆ ಬರ ಹೊಸದಲ್ಲ. 1972ರ ಬರವನ್ನು ಹಿರಿಯರು ಇನ್ನೂ ನೆನೆಯುತ್ತಾರೆ. ಬಿತ್ತುವ ಜೋಳವನ್ನು ಉಣ್ಣುವ ಜೋಳದೊಡನೆ ಬೆರೆಸಬಾರದೆಂಬುದು ನಮ್ಮ ಮನೆಗಳ ಕಟ್ಟಳೆ. ಮಳೆ ಬಂದೀತೆಂಬ ಖಾತ್ರಿ ಬೀಜ ಕಾಯ್ದವರಿಗೂ ಇರಲಿಲ್ಲ. ಹಸಿದ ಮಗುವಿನ ತುತ್ತು ಕಸಿದು ಬೀಜ ಕಾಯುವುದು ಧರ್ಮವಲ್ಲ. ತುತ್ತಿನ ನೆಪದಲ್ಲಿ ಬೀಜವನ್ನೆಲ್ಲ ತಿಂದು ತೇಗುವುದೂ ಧರ್ಮವಲ್ಲ. ಎರಡನ್ನೂ ತೂಗಿ ನಡೆಯುವುದೇ ಗೃಹಸ್ಥನ ವಿವೇಕ, ಸರಕಾರದ ವಿವೇಕವೂ ಹೌದು.

ಕೂಡಿಡುವವನ ಹೊಣೆ ಇಷ್ಟು: ಶುದ್ಧವಾಗಿ ಇಡಬೇಕು, ಎಲ್ಲಿಟ್ಟಿದ್ದೇನೆಂದು ಬರೆಯಬೇಕು, ತನ್ನ ಕೈಯ ಕಲ್ಮಶವನ್ನೂ ಲೆಕ್ಕಕ್ಕೆ ಹಚ್ಚಬೇಕು. ಬಂದು ಒಯ್ಯುವುದು ಮುಂದಿನವರ ಹೊಣೆ. ಅವರು ತಡಮಾಡಿದರೆಂದು ಇಟ್ಟವನ ಕೆಲಸ ವ್ಯರ್ಥವಾಗದು. ಆದರೆ ಅವರು ಬಂದ ದಿನ ಲೆಕ್ಕ ತಪ್ಪಿದ್ದರೆ ಇಟ್ಟದ್ದೆಲ್ಲ ವ್ಯರ್ಥವೇ.