ಅನುಮೋದನೆಯ ಭಾರ

ಕರ್ಮಾಸ್ರವದ ವಿಷಯದಲ್ಲಿ ಜೈನಾಗಮವು ಇಟ್ಟಿರುವ ಲೆಕ್ಕ ಬಹು ಸೂಕ್ಷ್ಮವಾದುದು. ಒಂದು ಕಾರ್ಯವನ್ನು ತಾನೇ ಮಾಡುವುದು ಕೃತ. ಅನ್ಯರಿಂದ ಮಾಡಿಸುವುದು ಕಾರಿತ. ಮಾಡಿದವರನ್ನು ಕಂಡು ಸರಿಯೆಂದು ಒಪ್ಪುವುದು ಅನುಮತ ಅಥವಾ ಅನುಮೋದನೆ. ಲೋಕದ ನ್ಯಾಯಸ್ಥಾನವು ಮೊದಲನೆಯವನನ್ನು ಹಿಡಿಯುತ್ತದೆ, ಸಾಕ್ಷ್ಯ ದೊರೆತರೆ ಎರಡನೆಯವನನ್ನೂ ಹಿಡಿಯುತ್ತದೆ. ಮೂರನೆಯವನು ಮನೆಗೆ ಹೋಗಿ ಸುಖವಾಗಿ ಮಲಗುತ್ತಾನೆ. ಕರ್ಮಸಿದ್ಧಾಂತದಲ್ಲಿ ಅವನಿಗೆ ಆ ಬಿಡುಗಡೆಯಿಲ್ಲ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಸಂರಂಭ, ಸಮಾರಂಭ, ಆರಂಭಗಳೆಂಬ ಮೂರನ್ನು ಮನೋವಚನಕಾಯಗಳೆಂಬ ಮೂರರಿಂದಲೂ, ಅವನ್ನು ಕೃತಕಾರಿತಾನುಮತಗಳೆಂಬ ಮೂರರಿಂದಲೂ, ಮತ್ತೆ ಕ್ರೋಧ ಮಾನ ಮಾಯಾ ಲೋಭಗಳೆಂಬ ನಾಲ್ಕರಿಂದಲೂ ಗುಣಿಸಿ ಜೀವಾಧಿಕರಣದ 108 ಭೇದಗಳನ್ನು ತೋರಿಸುತ್ತದೆ. ಜಪಮಾಲೆಯ 108 ಮಣಿಗಳಿಗೆ ಇದೇ ಆಧಾರವೆಂದು ಹಿರಿಯರು ಹೇಳುವುದುಂಟು. ಹಾಗಾದರೆ ಆ ಮಣಿಗಳಲ್ಲಿ 36 ಕೇವಲ ಅನುಮೋದನೆಗೆ ಸೇರಿದವು; ಕೈಯಿಂದ ಏನನ್ನೂ ಮಾಡದೆ, ಬಾಯಿಂದ ಯಾರಿಗೂ ಆಜ್ಞಾಪಿಸದೆ, ಬರಿಯ ಒಪ್ಪಿಗೆಯಿಂದ ಗಳಿಸಿಕೊಂಡವು.

ಈ ವಿಚಾರವನ್ನು ಈಗ ಎತ್ತಿಕೊಳ್ಳಬೇಕಾದ ಕಾರಣ ಸ್ಪಷ್ಟವಾಗಿದೆ. ಭಾದ್ರಪದ ಶುಕ್ಲ ಪಂಚಮಿಯಿಂದ ಅನಂತ ಚತುರ್ದಶಿಯವರೆಗಿನ ದಶಲಕ್ಷಣ ಪರ್ವದಲ್ಲಿ ಉಪವಾಸ ಹಿಡಿದವರ ಭಾವಚಿತ್ರಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತವೆ. ಇಂದು ಮೂರನೆಯ ದಿನ, ಇಂದು ಏಳನೆಯ ದಿನ ಎಂದು ಚಿತ್ರದ ಕೆಳಗೆ ಬರೆದಿರುತ್ತದೆ. ನೋಡಿದವರು ಹೆಬ್ಬೆರಳಿನ ಚಿಹ್ನೆಯನ್ನೋ ಜೋಡಿಸಿದ ಕೈಗಳ ಚಿಹ್ನೆಯನ್ನೋ ಒತ್ತುತ್ತಾರೆ. ಒತ್ತಿದವರೆಷ್ಟು ಎಂಬ ಸಂಖ್ಯೆ ಚಿತ್ರದ ಅಡಿಯಲ್ಲಿ ಬೆಳೆಯುತ್ತ ಹೋಗುತ್ತದೆ. ಇದು ಅನುಮೋದನೆಯೇ? ಆಗಿದ್ದರೆ ಇದರಿಂದ ಒತ್ತಿದವರಿಗೆ ಪುಣ್ಯವೇ? ವ್ರತ ಹಿಡಿದವರಿಗೆ ಹಿತವೇ?

ಅನುಮೋದನೆಯ ಮಹಿಮೆಯನ್ನು ಅಲ್ಲಗಳೆಯುವಂತಿಲ್ಲ. ಜಿನಸೇನಾಚಾರ್ಯರ ಆದಿಪುರಾಣದಲ್ಲಿಯೂ, ಕ್ರಿ.ಶ. 941ರಲ್ಲಿ ಪಂಪನು ರಚಿಸಿದ ಕನ್ನಡ ಆದಿಪುರಾಣದಲ್ಲಿಯೂ ಬರುವ ವಜ್ರಜಂಘ ಶ್ರೀಮತಿಯರ ಪ್ರಸಂಗ ಶ್ರಾವಕರ ಮನೆಮನೆಗೆ ಪರಿಚಿತ. ಅರಣ್ಯಮಧ್ಯದಲ್ಲಿ ಬೀಡುಬಿಟ್ಟಿದ್ದಾಗ ಆ ದಂಪತಿಗಳು ಚಾರಣಮುನಿಗಳಿಗೆ ಆಹಾರದಾನ ಮಾಡಿದರು. ಅದನ್ನು ಒಂದು ಹುಲಿ, ಒಂದು ಹಂದಿ, ಒಂದು ಕೋತಿ, ಒಂದು ಮುಂಗುಸಿ ನಿಂತು ನೋಡಿದವು. ದಾನವೀಯಲು ಅವುಗಳ ಬಳಿ ಏನೂ ಇರಲಿಲ್ಲ. ಸಾಧು ಸಾಧು ಎನ್ನಲು ನಾಲಗೆಗೆ ಭಾಷೆಯೂ ಇರಲಿಲ್ಲ. ಮನಸ್ಸಿನಲ್ಲಿ ಹರ್ಷಗೊಂಡವು, ಅಷ್ಟೇ. ಅಷ್ಟರಿಂದಲೇ ದಾನಿಗಳೊಡನೆ ಉತ್ತರಕುರುವಿನ ಭೋಗಭೂಮಿಯಲ್ಲಿ ಜನಿಸಿ, ಮುಂದೆ ಆ ವಜ್ರಜಂಘನು ಆದಿತೀರ್ಥಂಕರನಾದಾಗ ಅವನ ಪುತ್ರರಾಗಿ ಹುಟ್ಟಿದವು. ದಾನ ಮಾಡಿದವರಿಗೂ ನೋಡಿ ಸಂತೋಷಿಸಿದವರಿಗೂ ಒಂದೇ ಭೂಮಿ ದೊರೆಯಿತು.

ಈ ಕಥೆಯನ್ನು ಹೆಬ್ಬೆರಳಿನ ಪರವಾಗಿ ಉದಾಹರಿಸುವವರಿದ್ದಾರೆ. ಅವರು ಒಂದು ಅಂಶವನ್ನು ಗಮನಿಸಬೇಕು. ಆ ಪ್ರಾಣಿಗಳ ಹರ್ಷವು ವಜ್ರಜಂಘನ ಬಳಿಗೆ ಒಂದು ಸಂಖ್ಯೆಯಾಗಿ ಬರಲಿಲ್ಲ. ಅವು ಏಕೆ ಹಾಗೆ ಶಾಂತವಾಗಿ ನಿಂತಿವೆ ಎಂಬುದನ್ನು ಅವನು ಮುನಿಗಳನ್ನು ಕೇಳಿ ತಿಳಿಯಬೇಕಾಯಿತು. ಅನುಮೋದನೆಯ ಫಲ ಪೂರ್ಣವಾಗಿ ದೊರೆಯಿತು, ಆದರೆ ಗುರುತು ಇರಲಿಲ್ಲ. ಮೈತ್ರಿ, ಪ್ರಮೋದ, ಕಾರುಣ್ಯ, ಮಾಧ್ಯಸ್ಥ್ಯಗಳಲ್ಲಿ ಎರಡನೆಯದಾದ ಪ್ರಮೋದವೆಂದರೆ ಗುಣಾಧಿಕರನ್ನು ಕಂಡು ಒಳಗೆ ಅರಳುವುದು. ಅದು ಅರಳುವವನ ಸಂಪತ್ತು. ಅದನ್ನು ಎಣಿಸಿ ಇನ್ನೊಬ್ಬನ ಹೆಸರಿನ ಕೆಳಗೆ ಬರೆದೊಡನೆ ವಸ್ತು ಬೇರೆಯಾಗುತ್ತದೆ.

ಒಪ್ಪಿಗೆ ಎಷ್ಟು ಭಾರವಾದ ವಸ್ತುವೆಂಬುದಕ್ಕೆ ಶ್ರಾವಕನ ಹನ್ನೊಂದು ಪ್ರತಿಮೆಗಳ ಕ್ರಮವೇ ಸಾಕ್ಷಿ. ಎಂಟನೆಯದು ಆರಂಭತ್ಯಾಗ, ಅಲ್ಲಿ ಉಳುಮೆ, ವ್ಯಾಪಾರ ಮೊದಲಾದ ಉದ್ಯೋಗಗಳು ನಿಲ್ಲುತ್ತವೆ. ಒಂಬತ್ತನೆಯದು ಪರಿಗ್ರಹತ್ಯಾಗ, ಅಲ್ಲಿ ಗಳಿಸಿದ್ದೂ ಹೋಗುತ್ತದೆ. ಇಷ್ಟೆಲ್ಲ ಆದಮೇಲೆ, ಗೃಹಸ್ಥನ ಕೈಯಲ್ಲಿ ಇನ್ನೇನೂ ಉಳಿದಿಲ್ಲವೆಂದು ತೋರುವಾಗ, ಹತ್ತನೆಯದಾಗಿ ಅನುಮತಿತ್ಯಾಗ ಬರುತ್ತದೆ. ಮಗನು ಹೊಸ ಅಂಗಡಿ ತೆರೆಯುತ್ತಾನೆ, ಮೊಮ್ಮಗಳ ವಿವಾಹ ನಿಶ್ಚಯವಾಗುತ್ತದೆ. ಹತ್ತನೆಯ ಪ್ರತಿಮಾಧಾರಿಯು ಆಗಲಿ ಎನ್ನುವುದಿಲ್ಲ, ಬೇಡವೆನ್ನುವುದೂ ಇಲ್ಲ, ಸಮಭಾವದಲ್ಲಿರುತ್ತಾನೆ. ಹೊಲ ಬಿಡುವುದಕ್ಕಿಂತ, ಹಣ ಬಿಡುವುದಕ್ಕಿಂತ, ಅಭಿಪ್ರಾಯ ಬಿಡುವುದು ಕಠಿಣವೆಂದು ಆಚಾರ್ಯರು ತಿಳಿದಿದ್ದರು. ಹಿರಿಯರಿರುವ ಮನೆಯಲ್ಲಿ ಬಾಳಿದವರಾರೂ ಇದನ್ನು ಅಲ್ಲವೆನ್ನಲಾರರು. ಈ ತ್ಯಾಗ ಲೌಕಿಕ ಕಾರ್ಯಗಳಿಗೆ ಸಂಬಂಧಿಸಿದ್ದು, ವ್ರತೋಪವಾಸಗಳ ಅನುಮೋದನೆಯನ್ನು ಅದು ನಿಷೇಧಿಸುವುದಿಲ್ಲ, ನಿಜ. ಆದರೆ ಯಾವುದನ್ನು ಬಿಡಲು ಒಂದು ಪ್ರತಿಮೆಯೇ ಬೇಕಾಯಿತೋ ಅದನ್ನು ದಿನಕ್ಕೆ ನೂರು ಬಾರಿ ಬೆರಳ ತುದಿಯಿಂದ ಚೆಲ್ಲುವುದು ಉಚಿತವೇ ಎಂಬ ಪ್ರಶ್ನೆಯನ್ನು ಅದು ಎದುರಿಗೆ ತಂದು ನಿಲ್ಲಿಸುತ್ತದೆ.

ಒಂದು ತಲೆಮಾರಿನ ಹಿಂದೆ ದೇವದುರ್ಗ, ಮಾನ್ವಿ ಸೀಮೆಯಲ್ಲಿ ಹೆಬ್ಬೆಟ್ಟು ಎಂದರೆ ಓದು ಬಾರದವರ ರುಜು. ಪತ್ರದಲ್ಲಿ ಏನಿದೆಯೆಂದು ತಿಳಿಯದೆ ಮಸಿಯಲ್ಲಿ ಬೆರಳದ್ದಿ ಒತ್ತಿ ಹೊಲ ಕಳೆದುಕೊಂಡವರ ಕಥೆಗಳು ಪ್ರತಿಯೊಂದು ಊರಿನಲ್ಲಿಯೂ ಇವೆ. ಅಕ್ಷರ ಕಲಿತ ಮೇಲೆ ಆ ಹೆಬ್ಬೆಟ್ಟು ಹೋಯಿತೆಂದು ಸಂತೋಷಪಟ್ಟದ್ದಾಯಿತು. ಈಗ ಓದು ಬಲ್ಲವರೇ ಓದದೆ ಒತ್ತುತ್ತಿದ್ದಾರೆ. 2009ರಲ್ಲಿ ಫೇಸ್‌ಬುಕ್ ಸಂಸ್ಥೆಯು ಮೆಚ್ಚುಗೆಯ ಗುಂಡಿಯನ್ನು ಬಳಕೆಗೆ ತಂದಿತು. ಸುಮಾರು ಹತ್ತು ವರ್ಷ ಕಳೆದ ಮೇಲೆ ಅಂತಹ ಗುಂಡಿಗಳಿಗೆ ಹೆಸರಾದ ಇನ್‌ಸ್ಟಾಗ್ರಾಂ ತಾನೇ ಮೆಚ್ಚುಗೆಯ ಸಂಖ್ಯೆಯನ್ನು ಮರೆಮಾಡುವ ಪ್ರಯೋಗ ನಡೆಸಿ, 2021ರಲ್ಲಿ ಅದನ್ನು ಬಳಕೆದಾರರ ಇಚ್ಛೆಗೆ ಬಿಟ್ಟಿತು. ಅದೇ ವರ್ಷ ಯೂಟ್ಯೂಬ್ ಸಂಸ್ಥೆ ಮೆಚ್ಚದವರ ಸಂಖ್ಯೆ ಸಾರ್ವಜನಿಕರಿಗೆ ಕಾಣದಂತೆ ಮಾಡಿತು. ಸಮ್ಯಗ್ದರ್ಶನದ ಉಪಗೂಹನಾಂಗವನ್ನು ಅರಿಯದೆಯೇ ಆಚರಿಸಿದಂತಾಯಿತು. ಆದರೆ ಹೊಗಳಿಕೆಯ ಸಂಖ್ಯೆಯನ್ನು ಅಲ್ಲಿ ಹಾಗೆಯೇ ಉಳಿಸಿಕೊಂಡಿದ್ದಾರೆ. ತೆಗಳಿಕೆ ಮಾತ್ರ ಕೆಡಿಸುತ್ತದೆ, ಹೊಗಳಿಕೆ ಕೆಡಿಸುವುದಿಲ್ಲವೆಂದು ಅವರು ಭಾವಿಸಿರಬೇಕು. ಸಮಂತಭದ್ರಾಚಾರ್ಯರು ಹಾಗೆ ಭಾವಿಸಿರಲಿಲ್ಲ. ರತ್ನಕರಂಡಕ ಶ್ರಾವಕಾಚಾರದಲ್ಲಿ ಎಣಿಸಿದ ಎಂಟು ಮದಗಳಲ್ಲಿ ಪೂಜೆಯೂ ಒಂದು, ತಪಸ್ಸೂ ಒಂದು. ಧನಮದವುಳ್ಳವನು ಎಂದಾದರೂ ಉಪವಾಸಕ್ಕೆ ಕುಳಿತು ಅದನ್ನು ಕರಗಿಸಿಕೊಂಡಾನು. ತಪೋಮದವುಳ್ಳವನು ಎಲ್ಲಿಗೆ ಹೋಗಬೇಕು?

ಎದುರು ಪಕ್ಷದ ಮಾತಿಗೂ ಬಲವಿದೆ. ಅಷ್ಟಾಂಗಗಳಲ್ಲಿ ಸ್ಥಿತಿಕರಣ, ವಾತ್ಸಲ್ಯ, ಪ್ರಭಾವನೆಗಳೂ ಇವೆ. ಜಾಲಹಳ್ಳಿಯಂತಹ ಊರಿನಲ್ಲಿ ಒಂದೋ ಎರಡೋ ಜೈನ ಮನೆಗಳಿವೆಯೆಂದು ಭಾವಿಸೋಣ. ಅಲ್ಲಿ ಹದಿನೈದು ವರ್ಷದ ಹುಡುಗಿ ಮೊದಲ ಬಾರಿ ಅನಂತ ಚತುರ್ದಶಿಯ ಉಪವಾಸ ಹಿಡಿದಿದ್ದಾಳೆ. ಬಸದಿ ದೂರ, ಮುನಿಸಂಘದ ದರ್ಶನ ದುರ್ಲಭ, ಶಾಲೆಯಲ್ಲಿ ಜೊತೆಯವರು ಏಕೆ ಉಣ್ಣಲಿಲ್ಲವೆಂದು ನಗುತ್ತಾರೆ. ಸೊಲ್ಲಾಪುರದಲ್ಲಿರುವ ಅತ್ತೆಯಿಂದ, ಬೆಳಗಾವಿಯ ಸೋದರಮಾವನಿಂದ ಬಂದ ಒಂದು ಚಿಹ್ನೆ ಆ ಸಂಜೆ ಅವಳನ್ನು ವ್ರತದಲ್ಲಿ ಸ್ಥಿರಗೊಳಿಸಿದರೆ ಅದನ್ನು ಮದವೆಂದು ತಳ್ಳಿಹಾಕುವುದು ನಿಷ್ಕರುಣೆಯಾದೀತು. ಪೂರ್ವಿಕರು ಹೊಗಳಲಿಲ್ಲವೇ? ಕ್ರಿ.ಶ. 1007ರ ಲಕ್ಕುಂಡಿಯ ಶಾಸನವು ದಾನಚಿಂತಾಮಣಿ ಅತ್ತಿಮಬ್ಬೆಯನ್ನು ಹೊಗಳಿದ್ದನ್ನು ಸಾವಿರ ವರ್ಷಗಳಿಂದ ಜನ ಓದುತ್ತಿದ್ದಾರೆ. ಕಲ್ಲಿನ ಮೇಲಿನ ಹೊಗಳಿಕೆ ಆಗಬಹುದಾದರೆ ಗಾಜಿನ ಮೇಲಿನದು ಏಕಾಗಬಾರದು?

ಇದಕ್ಕೆ ಉತ್ತರವನ್ನು ಶ್ರವಣಬೆಳಗೊಳದ ನಿಷಿಧಿಗಳೇ ಕೊಡುತ್ತವೆ. ಗಂಗರ ಮಾರಸಿಂಹನು ಕ್ರಿ.ಶ. 974ರ ಸುಮಾರಿನಲ್ಲಿ ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಸಲ್ಲೇಖನದಿಂದ ದೇಹವಿಟ್ಟನು. ಅವನ ಸ್ತುತಿ ಚಿಕ್ಕಬೆಟ್ಟದ ಕಂಬದ ಮೇಲಿದೆ. ಶಾಂತಲಾದೇವಿಯ ತಾಯಿ ಮಾಚಿಕಬ್ಬೆಯು 1131ರಲ್ಲಿ ಒಂದು ತಿಂಗಳ ಅನಶನದಿಂದ ಬೆಳಗೊಳದಲ್ಲಿ ಸಮಾಧಿಯನ್ನು ಪಡೆದಳೆಂದು ಅಲ್ಲಿಯ ಶಾಸನ ಹೇಳುತ್ತದೆ. ಈ ಬರಹಗಳೆಲ್ಲ ವ್ರತ ಮುಗಿದ ಮೇಲೆ, ವ್ರತಿಯ ಕಣ್ಣು ಮುಚ್ಚಿದ ಮೇಲೆ ಕೊರೆದವು. ಆ ಹೊಗಳಿಕೆ ಮಾಚಿಕಬ್ಬೆಯ ಹನ್ನೆರಡನೆಯ ದಿನವನ್ನು ಹದಿಮೂರನೆಯದಕ್ಕೆ ಎಳೆಯಲಿಲ್ಲ. ಅತ್ತಿಮಬ್ಬೆಯ ಮಾತು ಬೇರೆ, ಅವಳು ಬದುಕಿರುವಾಗಲೇ ಶಾಸನ ಹುಟ್ಟಿತು. ಆದರೆ ಹೊಗಳಿದ್ದು ದಾನವನ್ನು. ದಾನ ಹೆಚ್ಚಾದರೆ ಹಸಿದವರಿಗೆ ಅನ್ನ ಸಿಗುತ್ತದೆ, ಗ್ರಂಥಗಳ ಪ್ರತಿಗಳಾಗುತ್ತವೆ. ಉಪವಾಸ ಶಕ್ತಿಮೀರಿದರೆ ಆಗುವುದೇ ಬೇರೆ.

ಶಕ್ತಿ ಎಂಬ ಶಬ್ದ ಇಲ್ಲಿ ಮುಖ್ಯವಾದುದು. ತೀರ್ಥಂಕರ ಪ್ರಕೃತಿಗೆ ಕಾರಣವಾದ ಹದಿನಾರು ಭಾವನೆಗಳಲ್ಲಿ ತಪಸ್ಸನ್ನು ಹೇಳುವಾಗ ಆಚಾರ್ಯರು ಶಕ್ತಿಯನ್ನು ಅನುಸರಿಸಿ ಎಂಬ ವಿಶೇಷಣವನ್ನು ಸೇರಿಸಿಯೇ ಹೇಳಿದ್ದಾರೆ. ತನ್ನ ಶಕ್ತಿಯೆಷ್ಟು ಎಂಬುದನ್ನು ವ್ರತಿಯು ಗುರುಸಮಕ್ಷದಲ್ಲಿ, ದೇಹದ ಸ್ಥಿತಿಯನ್ನು ನೋಡಿ ನಿರ್ಣಯಿಸಬೇಕು. ಆರನೆಯ ದಿನ ತಲೆ ಸುತ್ತಿದಾಗ ಇಲ್ಲಿಗೆ ಸಾಕೆಂದು ಪಾರಣೆ ಮಾಡುವ ಸ್ವಾತಂತ್ರ್ಯ ಅವನಿಗಿರಬೇಕು. ಐನೂರು ಜನ ಬೆರಳೊತ್ತಿ ಏಳನೆಯ ದಿನಕ್ಕಾಗಿ ಕಾದು ಕುಳಿತಿರುವಾಗ ಆ ಸ್ವಾತಂತ್ರ್ಯ ಎಷ್ಟರಮಟ್ಟಿಗೆ ಉಳಿಯುತ್ತದೆ? ಸಲ್ಲೇಖನದ ಅತಿಚಾರಗಳಲ್ಲಿ ಮೊದಲನೆಯದು ಜೀವಿತಾಶಂಸೆ, ಎರಡನೆಯದು ಮರಣಾಶಂಸೆ. ಜನರ ಪೂಜಾಸತ್ಕಾರಗಳನ್ನು ಕಂಡು ಇನ್ನಷ್ಟು ದಿನ ಬದುಕಬೇಕೆನಿಸುವುದು, ಯಾರೂ ಆದರಿಸಲಿಲ್ಲವೆಂದು ಬೇಗನೆ ಸಾಯಬೇಕೆನಿಸುವುದು ಎಂದು ಅವಕ್ಕೆ ವಿವರಣೆ ಕೊಡುವುದುಂಟು. ಜನರ ದೃಷ್ಟಿ ಕ್ಷಪಕನ ಮರಣಶಯ್ಯೆಯ ವರೆಗೂ ಹಿಂಬಾಲಿಸುತ್ತದೆಂಬುದನ್ನು ಪೂರ್ವಿಕರು ಬಲ್ಲರು. ಆಚಾರ್ಯ ಶಾಂತಿಸಾಗರರು 1955ರಲ್ಲಿ ಕುಂಥಲಗಿರಿಯಲ್ಲಿ 36 ದಿನಗಳ ಸಲ್ಲೇಖನ ನಡೆಸಿದಾಗ ಜನಸಾಗರವೇ ನೆರೆದಿತ್ತು. ಅದರ ನಡುವೆ ನಿರ್ಲಿಪ್ತರಾಗಿರಲು ಅವರ ಹಿಂದೆ ದಶಕಗಳ ಮುನಿಧರ್ಮವಿತ್ತು. ಹದಿಮೂರು ವರ್ಷದ ಮಗುವಿನ ಹಿಂದೆ ಏನಿರುತ್ತದೆ?

ಈ ಪ್ರಶ್ನೆ ಕಲ್ಪಿತವಲ್ಲ. 2016ರ ಅಕ್ಟೋಬರಿನಲ್ಲಿ ಸಿಕಂದರಾಬಾದಿನಲ್ಲಿ 13 ವರ್ಷದ ಬಾಲಕಿಯೊಬ್ಬಳು 68 ದಿನಗಳ ಉಪವಾಸವನ್ನು ಮುಗಿಸಿದ ಕೆಲವೇ ದಿನಗಳಲ್ಲಿ ಮರಣ ಹೊಂದಿದಳು. ಅವಳನ್ನು ಅಲಂಕರಿಸಿ ಗೌರವಿಸಿದ ಚಿತ್ರಗಳು ಪತ್ರಿಕೆಗಳಲ್ಲೆಲ್ಲ ಪ್ರಕಟವಾದವು. ಅವಳ ಆಮ್ನಾಯ ಯಾವುದು, ಮನೆಯವರ ತಪ್ಪೆಷ್ಟು ಎಂಬ ಚರ್ಚೆ ಇಲ್ಲಿ ಅನಗತ್ಯ; ಮಗುವನ್ನು ಕಳೆದುಕೊಂಡವರ ದುಃಖದ ಮೇಲೆ ಬರೆಯುವುದು ಸಭ್ಯತೆಯೂ ಅಲ್ಲ. ಆದರೆ ಆ ಚಿತ್ರಗಳಲ್ಲಿ ಮಗುವಿನ ಸುತ್ತ ನಿಂತು ಕೈಮುಗಿದವರು, ದೂರದಿಂದ ನೋಡಿ ಧನ್ಯ ಎಂದವರು ಇದ್ದರಲ್ಲ, ಅವರು ಕೃತದಲ್ಲಿಯೂ ಇಲ್ಲ, ಕಾರಿತದಲ್ಲಿಯೂ ಇಲ್ಲ. ಆ 36 ಮಣಿಗಳು ಅವರಿಗಾಗಿಯೇ ಇವೆ. 2015ರ ಆಗಸ್ಟ್ 10ರಂದು ರಾಜಸ್ಥಾನ ಉಚ್ಚ ನ್ಯಾಯಾಲಯವು ಸಂಥಾರವನ್ನು ಆತ್ಮಹತ್ಯೆಯೆಂದು ಪರಿಗಣಿಸಿ, ನೆರವಾದವರನ್ನು ಆತ್ಮಹತ್ಯೆಗೆ ಕುಮ್ಮಕ್ಕು ಕೊಟ್ಟವರೆಂದು ಕಾಣಬೇಕೆಂದಾಗ ಸಮಾಜ ಒಂದಾಗಿ ಪ್ರತಿಭಟಿಸಿತು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆಯಾಜ್ಞೆ ಕೊಟ್ಟಿತು. ಪ್ರತಿಭಟನೆ ಯುಕ್ತವಾಗಿಯೇ ಇತ್ತು, ಏಕೆಂದರೆ ಸಲ್ಲೇಖನಕ್ಕೂ ಆತ್ಮಹತ್ಯೆಗೂ ಇರುವ ಅಂತರ ಕಷಾಯದ ಅಂತರ. ಹಾಗಿದ್ದರೂ ಒಪ್ಪಿಗೆ ಕೊಟ್ಟವನು ಹೊಣೆಗಾರನಲ್ಲವೆಂದು ಜೈನನು ವಾದಿಸುವಂತಿಲ್ಲ. ಸರ್ಕಾರದ ಕಾನೂನಿಗಿಂತ ಅವನ ಸಿದ್ಧಾಂತವೇ ಈ ವಿಷಯದಲ್ಲಿ ಹೆಚ್ಚು ಕಟ್ಟುನಿಟ್ಟಿನದು.

ಆದಕಾರಣ ಮೆಚ್ಚುಗೆಯ ಗುರುತು ಬೇಕೋ ಬೇಡವೋ ಎಂದರೆ, ನಡೆಯುತ್ತಿರುವ ಉಪವಾಸಕ್ಕೆ ಅದು ಬೇಡವೆಂಬುದೇ ಸರಿಯಾಗಿ ಕಾಣುತ್ತದೆ. ಎಣಿಕೆಯಂತೂ ಎಂದಿಗೂ ಬೇಡ. ಪಾರಣೆಯಾದ ಮೇಲೆ ಬಸದಿಯಲ್ಲಿ ವ್ರತಿಗಳ ಹೆಸರನ್ನು ಓದುವ ರೂಢಿಯಿರುವಲ್ಲಿ ಓದಲಿ, ದಿನಗಳ ಸಂಖ್ಯೆಯನ್ನು ಬಿಟ್ಟು ಓದಲಿ. ಒಂದು ಏಕಾಶನ ಮಾಡಿದ ಮಧುಮೇಹದ ಮುದುಕನೂ ಹತ್ತು ದಿನ ನಿರಾಹಾರನಾಗಿದ್ದ ತರುಣನೂ ಒಂದೇ ಪಟ್ಟಿಯಲ್ಲಿರಲಿ. ಜಾಲಹಳ್ಳಿಯ ಆ ಹುಡುಗಿಗೆ ಅತ್ತೆಯು ಚಿಹ್ನೆ ಕಳುಹಿಸುವ ಬದಲು ದೂರವಾಣಿಯಲ್ಲಿ ಮಾತನಾಡಲಿ. ತಲೆನೋವಿದೆಯೇ ಎಂದು ಕೇಳಲಿ, ತಾಳಲಾರದೆ ಹೋದರೆ ಬಿಡು ಮಗಳೇ, ಮುಂದಿನ ಅಷ್ಟಮಿಯಿದೆ ಎನ್ನಲಿ. ಹೆಬ್ಬೆರಳಿನ ಚಿಹ್ನೆಗೆ ಈ ಮಾತು ಬರುವುದಿಲ್ಲ.

ಇನ್ನೊಂದು ಸಂಗತಿ ಇದೆ, ಅದು ಮೊಬೈಲಿಗಿಂತ ಹಳೆಯದು. ನೋಂಪಿ ಹಿಡಿದ ಗೃಹಿಣಿಯರನ್ನು ಸಭೆಯಲ್ಲಿ ಹೊಗಳುವುದರಲ್ಲಿ ಗಂಡಸರು ಹಿಂದೆ ಬಿದ್ದವರಲ್ಲ. ಆದರೆ ಉಪವಾಸದ ದಿನವೂ ಅವಳು ಬೆಳಗಿನ ಜಾವ ಎದ್ದು ನೀರು ಸೋಸುತ್ತಾಳೆ, ಮನೆಮಂದಿಗೆಲ್ಲ ರೊಟ್ಟಿ ಬಡಿಯುತ್ತಾಳೆ, ಒಲೆಯ ಮುಂದೆ ಒಣಗಿದ ನಾಲಗೆಯಿಂದ ಕುಳಿತು ಪಲ್ಯಕ್ಕೆ ಉಪ್ಪು ಸಾಕೇ ಎಂದು ಬೇರೆಯವರನ್ನು ಕೇಳುತ್ತಾಳೆ. ಅವಳ ಚಿತ್ರವನ್ನು ಮಗನು ಊರಿಗೆಲ್ಲ ಕಳುಹಿಸಿ ನೂರು ಮೆಚ್ಚುಗೆ ಬಂತೆಂದು ಅಡಿಗೆಮನೆಯ ಬಾಗಿಲಲ್ಲಿ ನಿಂತು ತೋರಿಸುತ್ತಾನೆ. ಅವನಿಗೆ ಅನುಮೋದನೆಯ ಫಲ ಬೇಕಾಗಿದ್ದರೆ ದಾರಿ ಹತ್ತಿರದಲ್ಲಿಯೇ ಇದೆ. ಆ ದಿನ ಒಲೆ ಹೊತ್ತಿಸುವುದು ಅವನ ಕೆಲಸವಾಗಲಿ. ಮರುದಿನ ಸೂರ್ಯೋದಯವಾದ ಮೇಲೆ ಹೆಸರುಬೇಳೆಯ ಕಟ್ಟನ್ನು ಕಾಯಿಸಿ, ಆರಿಸಿ, ಅವಳ ಪಾರಣೆಗೆ ತಂದಿಡಲಿ.